‘ಎಂಬಿಎ ಯಾಕೆ?’ ಅಂದರೆ ಏನು ಹೇಳುವುದು?

ನವೆಂಬರ್‌ನಲ್ಲಿ ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆದು ಆಯ್ಕೆಪಟ್ಟಿಗೆ ಬಂದವರಿಗೆ ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಐಐಎಂಗಳ, ಅಂದರೆ ಭಾರತೀಯ ನಿರ್ವಹಣಾ ಸಂಸ್ಥೆಗಳ, ಸಂದರ್ಶನ. ಅಲ್ಲಿ ‘ಎಂಬಿಎ ಯಾಕೆ?’ ಎಂಬ ಪ್ರಶ್ನೆಗೆ ಸಿದ್ಧರಾಗಿಯೇ ಹೋಗಬೇಕು. ‘ನಾಯಕತ್ವ ಬೆಳೆಸಿಕೊಳ್ಳಲು’ ಎಂಬ ಉತ್ತರವನ್ನು ಸಂದರ್ಶಕರು ಬೆಳಗಿನಿಂದ ಎಷ್ಟು ಸಲ ಕೇಳಿರುತ್ತಾರೋ!

ಮೊದಲು, ಕೆಲಸದಲ್ಲಿ ನಿಮ್ಮ ಕೈ ಕಟ್ಟಿಹೋದ ಒಂದು ದಿನವನ್ನು ಬರೆಯಿರಿ. ಒಂದೇ ದಿನ ಸಾಕು. ನೀವು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ಎಂಜಿನಿಯರ್ ಆಗಿದ್ದಿರಿ ಅಂದುಕೊಳ್ಳಿ. ಕೈತುಂಬ ಆರ್ಡರ್ ಇತ್ತು. ಆದರೆ ಹಿಂದೆ ಕಳಿಸಿದ ಮಾಲಿನ ದುಡ್ಡು ಮೂರು ತಿಂಗಳಾದರೂ ಬಂದಿರಲಿಲ್ಲ. ಉಕ್ಕು ಕೊಳ್ಳಲು ಕಾಸಿಲ್ಲದೆ ಮೆಷಿನ್‌ಗಳು ಸುಮ್ನೆ ನಿಂತಿದ್ದವು. ಮೆಷಿನ್ ಕೆಟ್ಟಿದ್ದರೆ ನೀವು ಸರಿಮಾಡುತ್ತಿದ್ದಿರಿ. ದುಡ್ಡು ನಿಂತದ್ದಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಿಮ್ಮ ಉತ್ತರ ಇಲ್ಲಿಂದ ಶುರುವಾಗಲಿ.

ಆಮೇಲೆ ಆ ಘಟನೆಯನ್ನು ನೀವೇ ಕೆದಕಿ. ಇಲ್ಲದಿದ್ದರೆ ಅವರು ಕೆದಕುತ್ತಾರೆ. ನೋಂದಾಯಿತ ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಕಾಯ್ದೆಯೇ ಹೇಳುತ್ತದೆ, ಅಲ್ವಾ? ಹಾಗಾದರೆ ಮಾಲೀಕರು ದೂರು ಯಾಕೆ ಕೊಡಲಿಲ್ಲ? ಗಿರಾಕಿ ಕೈತಪ್ಪುವ ಭಯವೇ? ಬ್ಯಾಂಕಿನವರನ್ನು ಕೇಳಿದ್ದರೇ? ಇಷ್ಟು ಕಲಿಯಲು ಎರಡು ವರ್ಷದ ಕೋರ್ಸೇ ಬೇಕಾ, ಲೆಕ್ಕಪತ್ರದ ಒಂದು ಪುಸ್ತಕ ಸಾಲದೇ?

ಈ ಕೊನೆಯ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡಿ. ನನ್ನ ಪ್ರಕಾರ ಅನೇಕರು ಎಡವುವುದು ಇಲ್ಲೇ. ದುಡ್ಡು, ಬೆಲೆ, ಗಿರಾಕಿ, ಕೆಲಸಗಾರರು ಒಂದಕ್ಕೊಂದು ತಳಕು ಹಾಕಿಕೊಂಡಿದ್ದನ್ನು ನೀವು ಕಣ್ಣಾರೆ ಕಂಡಿದ್ದರೆ ಅದನ್ನೇ ಹೇಳಿ. ಕಾಣದಿದ್ದರೆ ಕಟ್ಟಿ ಹೇಳಬೇಡಿ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಒಳ್ಳೆಯ ಸಂಬಳದ ಆಸೆ ತಪ್ಪೇನಲ್ಲ. ಆದರೆ ಅದೊಂದೇ ಕಾರಣವಾದರೆ ಮಾತು ಮುಂದಕ್ಕೆ ಹೋಗುವುದಿಲ್ಲ.

ಕೆಲಸವನ್ನೇ ಮಾಡಿಲ್ಲವೇ? ಅಪ್ಪನ ಅಂಗಡಿಯ ಉದ್ರಿ ಪುಸ್ತಕವಾದರೂ ಆದೀತು, ಕಾಲೇಜು ಫೆಸ್ಟ್‌ಗೆ ಪ್ರಾಯೋಜಕರನ್ನು ಹುಡುಕಿದ್ದಾದರೂ ಆದೀತು.

‘ಈ ಸಂಸ್ಥೆಯೇ ಯಾಕೆ?’ ಎಂಬುದಕ್ಕೆ ಹೊಗಳಿಕೆ ಬೇಡ. ಬೆಂಗಳೂರಿನ ಐಐಎಂ ಆದರೆ, ಹೊಸ ಉದ್ದಿಮೆಗಳನ್ನು ಬೆಳೆಸುವ ಎನ್‌ಎಸ್‌ಆರ್‌ಸಿಇಎಲ್ ಕೇಂದ್ರ ಅಲ್ಲಿದೆ. ಅದು ನಿಮ್ಮ ಗುರಿಗೆ ಹೇಗೆ ಒದಗುತ್ತದೆ ಎಂದು ಎರಡು ವಾಕ್ಯದಲ್ಲಿ ಹೇಳಿ.

ಇನ್ನು ಅಭ್ಯಾಸ. ಮೊದಲ ಸಲ ಕನ್ನಡದಲ್ಲೇ ಅಮ್ಮನಿಗೋ ಅಕ್ಕನಿಗೋ ಹೇಳಿ. ‘ಅದ್ಯಾಕೆ?’ ಎಂದು ಅವರು ತಡೆದ ಕಡೆ ಗುರುತು ಹಾಕಿಕೊಳ್ಳಿ. ಕತೆ ಅಲ್ಲಿ ಸಡಿಲವಾಗಿದೆ. ಅದನ್ನು ಬಿಗಿ ಮಾಡಿದ ಮೇಲೆ ಇಂಗ್ಲಿಷಿನಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎರಡು ನಿಮಿಷ ದಾಟಿದರೆ ಮೆಷಿನ್‌ಗಳ ವಿವರ ಕತ್ತರಿಸಿ, ದುಡ್ಡು ಬಾರದ ಆ ದಿನವನ್ನು ಉಳಿಸಿಕೊಳ್ಳಿ.