ಬೇಸಿಗೆ ಶಿಬಿರ ನಡೆಸ್ತೀರಾ? ಮೊದಲು ಸ್ಟೋರ್ ರೂಮಿನ ಚಿಲಕ ನೋಡಿ

ಏಪ್ರಿಲ್ ಬಂತೆಂದರೆ ಊರೂರಲ್ಲೂ ಬೇಸಿಗೆ ಶಿಬಿರ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ದೊಡ್ಡವು ಇವೆ. ಯುವಕ ಸಂಘ, ಮಹಿಳಾ ಮಂಡಳಿಯವರು ನಡೆಸುವ ಹತ್ತು ದಿನದ ಸಣ್ಣ ಶಿಬಿರಗಳಂತೂ ಲೆಕ್ಕವಿಲ್ಲದಷ್ಟು. ಅಂಥದ್ದೇ ಒಂದರಲ್ಲಿ ನಾನೂ ಕೆಲವು ವರ್ಷಗಳಿಂದ ಕೈಜೋಡಿಸುತ್ತಿದ್ದೇನೆ.

ನಮ್ಮ ಎರಡನೇ ವರ್ಷದ ಒಂದು ಸಂಜೆ. ಆರು ವರ್ಷದ ಹುಡುಗಿಯನ್ನು ಕರೆದೊಯ್ಯಲು ಅವಳಮ್ಮ ಬಂದರು. ಮಗು ಇರಲಿಲ್ಲ. ‘ಯಾರೋ ಮಾವ ಅಂತ ಬಂದಿದ್ರು, ಕಳಿಸಿದೆ’ ಅಂದ ಗೇಟಿನಲ್ಲಿದ್ದ ನಮ್ಮ ಹುಡುಗ. ಆಮೇಲಿನ ನಲವತ್ತು ನಿಮಿಷ ಆ ತಾಯಿಯ ಮುಖ ನೋಡಲು ನನಗೆ ಆಗಲಿಲ್ಲ. ಬಂದವರು ನಿಜಕ್ಕೂ ಸೋದರಮಾವನೇ. ಐಸ್‌ಕ್ರೀಮ್ ಕೊಡಿಸಿ ಮನೆಗೆ ಬಿಟ್ಟಿದ್ದರು. ಆದರೆ ಕಳಿಸುವಾಗ ನಮಗೆ ಅದು ಗೊತ್ತಿರಲಿಲ್ಲ, ಅಲ್ವಾ? ಆ ರಾತ್ರಿಯೇ ಕೂತು ನಿಯಮ ಬರೆಯಲು ಶುರು ಮಾಡಿದೆವು. ಅಲ್ಲಿಂದೀಚೆಗೆ ಕಲಿತದ್ದು ಇಲ್ಲಿದೆ.

ಜಾಗವನ್ನು ಒಂದು ಸುತ್ತು ಹಾಕಿ

ಶಿಬಿರಕ್ಕೆ ಒಂದು ವಾರ ಮೊದಲು, ಇಬ್ಬರು ಒಂದು ನೋಟ್‌ಬುಕ್ ಹಿಡಿದು ಇಡೀ ಜಾಗ ಸುತ್ತಿ. ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಯಾರ ಕಣ್ಣಿಗೂ ಬೀಳದಂತೆ ಒಬ್ಬ ದೊಡ್ಡವರು ಒಂದು ಮಗುವಿನ ಜತೆ ಎಲ್ಲೆಲ್ಲಿ ಇರಬಹುದು? ಸ್ಟೋರ್ ರೂಮು, ಮೇಕಪ್ ಕೋಣೆ, ಟೆರೇಸಿನ ಮೆಟ್ಟಿಲು, ಹಿತ್ತಲಿನ ಶೌಚಾಲಯ, ಮಕ್ಕಳನ್ನು ಬಿಡುವ ವ್ಯಾನಿನ ಕೊನೆಯ ಸ್ಟಾಪು. ನಮ್ಮ ಸ್ಟೋರ್ ರೂಮಿಗೆ ಒಳಗಿನಿಂದ ಹಾಕುವ ಚಿಲಕ ಇತ್ತು. ಸ್ಕ್ರೂಡ್ರೈವರ್ ತಂದು ತೆಗೆದೆವು. ವ್ಯಾನಿನಲ್ಲಿ ಕೊನೆಯ ಮಗು ಇಳಿಯುವವರೆಗೆ ಡ್ರೈವರ್ ಜತೆ ಇನ್ನೊಬ್ಬರು ಇರಲೇಬೇಕು ಅಂತ ಮಾಡಿದೆವು.

‘ನಮ್ಮೋರೇ’ ಅಂತ ಸುಮ್ನೆ ಬಿಡಬೇಡಿ

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಹಾಗೆ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರೇ, ಮಗು ನಂಬಿದವರೇ. ಹಾಗಾಗಿ ‘ಅವರು ನಮ್ಮ ಅಧ್ಯಕ್ಷರ ಭಾವಮೈದ, ಅವರನ್ನೇನು ಕೇಳೋದು’ ಅನ್ನುವ ಸಂಕೋಚವನ್ನು ಮೊದಲು ಬಿಡಬೇಕು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯೇ ಪೋಕ್ಸೊ. ಅದರ 2020ರ ನಿಯಮಗಳ ಪ್ರಕಾರ ಶಾಲೆ, ಕ್ರೀಡಾ ಅಕಾಡೆಮಿ ಸೇರಿದಂತೆ ಮಕ್ಕಳ ಜತೆ ನಿತ್ಯ ಒಡನಾಡುವ ಯಾವುದೇ ಸಂಸ್ಥೆ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಕಾಯಂ ಇರಲಿ, ಗುತ್ತಿಗೆ ಇರಲಿ, ಪಾಠ ಮಾಡುವವರಿರಲಿ, ಇಲ್ಲದಿರಲಿ. ಆಗಾಗ ತರಬೇತಿಯನ್ನೂ ಕೊಡಬೇಕು. ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಫೆಬ್ರವರಿಯಲ್ಲೇ ಶುರು ಮಾಡಿ. ಹಿಂದೆ ಕೆಲಸ ಮಾಡಿದ ಎರಡು ಕಡೆಗೆ ಫೋನ್ ಮಾಡಿ, ‘ಮಕ್ಕಳ ಜತೆ ಇವರನ್ನು ಮತ್ತೆ ಬಿಡ್ತೀರಾ?’ ಅಂತ ನೇರವಾಗಿ ಕೇಳಿ. ಉತ್ತರಕ್ಕೆ ಮೊದಲು ಅವರು ತಡವರಿಸಿದರೆ ಅದನ್ನೂ ಗಮನಿಸಿ.

ಅಡುಗೆಯವರು, ಫೋಟೊಗ್ರಾಫರ್, ಒಂದೇ ದಿನ ಬರುವ ಅತಿಥಿಗಳಿಗೂ ಒಂದೇ ನಿಯಮ. ಎಲ್ಲರಿಗೂ ಒಂದೇ ಆದಾಗ ಯಾರಿಗೂ ಅವಮಾನ ಆಗುವುದಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಹದಿನಾರು, ಹದಿನೇಳು ವರ್ಷದ ಸ್ವಯಂಸೇವಕರು ಇರುತ್ತಾರಲ್ಲ, 18 ತುಂಬುವವರೆಗೆ ಕಾನೂನಿನ ಪ್ರಕಾರ ಅವರೂ ಮಕ್ಕಳೇ. ಚಿಕ್ಕವರನ್ನು ಅವರ ಮೇಲೆ ಬಿಟ್ಟು ನೀವು ಊಟಕ್ಕೆ ಹೋಗುವ ಹಾಗಿಲ್ಲ. ಅವರಿಗೂ ರಕ್ಷಣೆ ಬೇಕು.

ಒಂದು ಪುಟದ ನಡವಳಿಕೆ ಪತ್ರ

ಉದ್ದದ ಪಾಲಿಸಿ ಯಾರೂ ಓದುವುದಿಲ್ಲ. ಒಂದು ಪುಟ ಸಾಕು, ಎಲ್ಲರೂ ಸಹಿ ಹಾಕಲಿ. ನಮ್ಮದರಲ್ಲಿ ಹೀಗಿದೆ: ಮುಚ್ಚಿದ ಬಾಗಿಲ ಹಿಂದೆ ಒಂದು ಮಗುವಿನ ಜತೆ ಒಬ್ಬರೇ ಇರಬಾರದು. ಹೊಡೆಯುವುದು, ಬಿಸಿಲಲ್ಲಿ ನಿಲ್ಲಿಸುವುದು, ಬಣ್ಣ, ಜಾತಿ, ದಪ್ಪ ಸಣ್ಣ ಹಿಡಿದು ಹೀಯಾಳಿಸುವುದು ಇಲ್ಲ. ಒಂದೇ ಮಗುವಿಗೆ ಉಡುಗೊರೆ ಇಲ್ಲ. ಮಕ್ಕಳಿಗೆ ವೈಯಕ್ತಿಕ ವಾಟ್ಸ್ಆ್ಯಪ್ ಸಂದೇಶ ಇಲ್ಲ, ಏನಿದ್ದರೂ ಪೋಷಕರ ಗುಂಪಿನಲ್ಲಿ. ಫೋಟೊ ಹಾಕಲು ಪೋಷಕರ ಸಹಿಯೂ ಬೇಕು, ಮಗುವಿನ ಒಪ್ಪಿಗೆಯೂ ಬೇಕು.

ಮುಟ್ಟುವ ವಿಷಯದಲ್ಲಿ ನಮ್ಮಲ್ಲೇ ದೊಡ್ಡ ಚರ್ಚೆ ಆಯಿತು. ಭರತನಾಟ್ಯ, ಯೋಗ, ಮಲ್ಲಕಂಬ ಕಲಿಸುವಾಗ ಕೈಕಾಲು ಸರಿಮಾಡದೆ ಆಗುತ್ತದೆಯೇ? ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಮೊದಲು ಮಾಡಿ ತೋರಿಸಿ, ಆಮೇಲೆ ಬಾಯಲ್ಲಿ ಹೇಳಿ, ಆಗಲೂ ಬಾರದಿದ್ದರೆ ‘ಮೊಣಕೈ ಹಿಡಿದು ಸರಿಮಾಡ್ಲಾ?’ ಅಂತ ಕೇಳಿ. ಬೇಡ ಅಂದರೆ ಬೇಡ. ಹೀಗೆ ಕೇಳಿಸಿಕೊಂಡ ಮಗು ‘ಬೇಡ’ ಅನ್ನುವುದನ್ನೂ ಕಲಿಯುತ್ತದೆ. ನನಗೆ ಇಡೀ ಪುಟದಲ್ಲಿ ಬಹಳ ಇಷ್ಟವಾದ ಸಾಲು ಇದೇ.

ಕರೆದೊಯ್ಯುವವರ ವಿಷಯಕ್ಕೆ, ಅರ್ಜಿಯಲ್ಲೇ ಮೂರು ಹೆಸರು, ಫೋಟೊ, ಫೋನ್ ನಂಬರ್ ತೆಗೆದುಕೊಳ್ಳಿ. ಪಟ್ಟಿಯಲ್ಲಿ ಇಲ್ಲದವರು ಬಂದರೆ ತಂದೆ ತಾಯಿಗೆ ಫೋನ್ ಹೋಗಬೇಕು, ಬಂದವರು ಎಷ್ಟೇ ಬೈದರೂ.

ಮಕ್ಕಳಿಗೆ ಯಾರ ಹತ್ತಿರ ಹೇಳಬೇಕು ಗೊತ್ತಿರಲಿ

ಇಬ್ಬರನ್ನು ಹೊಣೆಗಾರರನ್ನಾಗಿ ಮಾಡಿ. ಒಬ್ಬರಾದರೂ ಹೆಂಗಸಾಗಿರಲಿ, ಒಬ್ಬರಾದರೂ ಆಡಳಿತ ನಡೆಸುವವರ ಮನೆಯವರಲ್ಲದೆ ಇರಲಿ. ಮೊದಲ ದಿನವೇ ಅವರು ಮಕ್ಕಳ ಮುಂದೆ ನಿಂತು, ‘ಯಾರಾದರೂ ನಿಮಗೆ ಮುಜುಗರ ಆಗೋ ಹಾಗೆ ಮಾತಾಡಿದ್ರೆ, ಮುಟ್ಟಿದ್ರೆ, ಗುಟ್ಟಾಗಿಡು ಅಂದ್ರೆ ನಮಗೆ ಹೇಳಿ, ನಿಮ್ಮನ್ನು ಬೈಯಲ್ಲ’ ಅನ್ನಲಿ. ಗಂಡುಮಕ್ಕಳಿಗೂ ಇದೇ ಮಾತು. ಪೋಕ್ಸೊ ಕಾಯ್ದೆಯಲ್ಲಿ ಹುಡುಗ ಹುಡುಗಿ ಅನ್ನುವ ಭೇದವಿಲ್ಲ. ದೂರಿನ ಪೆಟ್ಟಿಗೆಯನ್ನು ಆಫೀಸಿನ ಮುಂದೆ ಇಡಬೇಡಿ. ಎಲ್ಲರೂ ನೋಡುವ ಕಡೆ ಯಾವ ಮಗು ಚೀಟಿ ಹಾಕುತ್ತದೆ?

ಮಗು ಬಂದು ಹೇಳಿದಾಗ

ಇಲ್ಲಿ ನಿಧಾನವಾಗಿ ಓದಿ. ಮಗು ಹೇಳುವುದು ಹೆಚ್ಚಾಗಿ ಹೊತ್ತಲ್ಲದ ಹೊತ್ತಿನಲ್ಲಿ, ಚಪ್ಪಲಿ ಹಾಕಿಕೊಳ್ಳುವಾಗ, ಅರ್ಧ ವಾಕ್ಯದಲ್ಲಿ. ಕೈಲಿರುವ ಕೆಲಸ ಕೆಳಗಿಡಿ. ಗಾಬರಿಯನ್ನು ಮುಖದಲ್ಲಿ ತೋರಿಸಬೇಡಿ. ‘ಹೇಳಿದ್ದು ಒಳ್ಳೇದಾಯ್ತು ಪುಟ್ಟಾ, ತಪ್ಪು ನಿನ್ನದಲ್ಲ’ ಅನ್ನಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ, ಯಾಕೆಂದರೆ ಹೇಳಲೇಬೇಕಾಗುತ್ತದೆ. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ’ ಅನ್ನಿ.

‘ನಿಜಾನಾ? ಮೊದಲೇ ಯಾಕೆ ಹೇಳಲಿಲ್ಲ?’ ಅಂತ ಕೆದಕಬೇಡಿ. ಆರೋಪಿಯನ್ನು ಕರೆಸಿ ಮಗುವಿನ ಎದುರು ನಿಲ್ಲಿಸಬೇಡಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನಾಂಕ, ಸಮಯ ಹಾಕಿ ಬರೆದಿಡಿ. ಆ ವ್ಯಕ್ತಿಯನ್ನು ಕೂಡಲೇ ಮಕ್ಕಳಿಂದ ದೂರ ಇಡಿ.

ಆಮೇಲೆ ಸಂಘದ ಸಭೆ ಕರೆದು ಪಂಚಾಯ್ತಿ ಮಾಡಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದದ್ದು ಗೊತ್ತಾದವರು ಸ್ಥಳೀಯ ಪೊಲೀಸರಿಗೋ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ನಡೆಯಬಹುದು ಅನ್ನುವ ಆತಂಕ ಇದ್ದರೂ ಅಷ್ಟೇ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ತನ್ನ ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ತನಿಖೆ ನಮ್ಮ ಕೆಲಸವಲ್ಲ, ತಿಳಿಸುವುದು ಮಾತ್ರ ನಮ್ಮ ಕೆಲಸ. ಎಲ್ಲಿಂದ ಶುರು ಮಾಡಬೇಕು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

‘ದಯವಿಟ್ಟು ಬೇಡ, ಮಗಳ ಭವಿಷ್ಯದ ಪ್ರಶ್ನೆ’ ಅಂತ ತಂದೆ ತಾಯಿ ಕೈಮುಗಿಯಬಹುದು. ಅವರ ಭಯ ಸುಳ್ಳಲ್ಲ. ಪಕ್ಕದಲ್ಲಿ ಕೂತು, ಅವರಿಗೆ ಗೊತ್ತಿಲ್ಲದ್ದನ್ನು ಹೇಳಿ: ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗುವಿಗೆ ಇಷ್ಟವಾದ ಕಡೆ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿ ಬರಬಾರದು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ, ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ. ತುರ್ತು ಚಿಕಿತ್ಸೆಗೆ ಆಸ್ಪತ್ರೆಯವರು ಪೊಲೀಸ್ ಕಾಗದ ಕೇಳುವಂತಿಲ್ಲ. ಠಾಣೆಗೂ ಆಸ್ಪತ್ರೆಗೂ ಅವರ ಜತೆ ಹೋಗಿ. ಅಷ್ಟು ದಿನ ‘ನಮ್ಮ ಶಿಬಿರದ ಮಕ್ಕಳು’ ಅಂದವರು ಆಗ ದೂರ ಸರಿದರೆ ಆ ಮನೆಯವರಿಗೆ ಎರಡು ಸಲ ಪೆಟ್ಟು.

ಶಿಬಿರದೊಳಗೆ ಮಗುವಿನ ಹೆಸರು ಇಬ್ಬರು ಹೊಣೆಗಾರರ ಆಚೆ ಹೋಗಬಾರದು, ಕಾರ್ಯಕಾರಿ ಸಮಿತಿಯ ಗುಂಪಿಗೂ ಹೋಗಬಾರದು.

ಶಿಬಿರ ಮುಗಿದ ಮೇಲೆ ಇನ್ನೂ ಒಂದು ಅರ್ಧ ದಿನದ ಕೆಲಸ ಇರುತ್ತದೆ. ಅರ್ಜಿಗಳು, ಬರೆದಿಟ್ಟ ದೂರುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಸ್ವಯಂಸೇವಕರ ಫೋನುಗಳಲ್ಲಿ ಉಳಿದ ಮಕ್ಕಳ ಫೋಟೊಗಳನ್ನು ಎದುರಿಗೇ ಅಳಿಸಿ. ಆಮೇಲೆ ಮಕ್ಕಳನ್ನು ಗುಂಡಾಗಿ ಕೂರಿಸಿ, ‘ಇಲ್ಲಿ ಯಾವ ಜಾಗ ನಿಮಗೆ ಭಯ ಅನ್ನಿಸ್ತು?’ ಅಂತ ಕೇಳಿ. ಕಳೆದ ವರ್ಷ ನಮ್ಮ ಮಕ್ಕಳು ತೋರಿಸಿದ್ದು ಶೌಚಾಲಯದ ದಾರಿಯ ಕತ್ತಲೆ ಮೂಲೆ. ನಾವು ಸುತ್ತು ಹಾಕಿದ್ದು ಹಗಲಲ್ಲಿ, ಹಾಗಾಗಿ ಅದು ಕಂಡಿರಲಿಲ್ಲ. ಈಗ ಅಲ್ಲಿ ಬಲ್ಬ್ ಹಾಕಿಸಿದ್ದೇವೆ.