ಒನ್ ಪೀಸ್ ಶುರು ಮಾಡುವವರಿಗೆ

1999ರಿಂದ ಬರ್ತಿರೋ ಈ ಜಪಾನಿ ಅನಿಮೇಷನ್ ಸರಣಿ 1,100 ಕಂತು ದಾಟಿದೆ, ಹೆದರಬೇಡಿ. ಮೊದಲ 30 ಮನೆಯಲ್ಲೇ ಮುಗಿಸಿ. 31ರಿಂದ 44 ಡೌನ್‌ಲೋಡ್ ಮಾಡಿಕೊಂಡು ಹುಬ್ಬಳ್ಳಿಯಿಂದ ಬೆಂಗಳೂರಿನ ರೈಲು ಹತ್ತಿ. ಇಷ್ಟನ್ನು ನೋಡೋಕೆ ಸುಮಾರು ಐದೂವರೆ ತಾಸು ಸಾಕು. 37ರಲ್ಲಿ ಕಥಾನಾಯಕನ ಸಂಗಾತಿ ನಾಮಿ ಹಚ್ಚೆಯಿರುವ ತನ್ನ ತೋಳಿಗೇ ಚಾಕು ಚುಚ್ಚಿಕೊಳ್ತಾಳೆ, ಕಥಾನಾಯಕ ಲೂಫಿ ತನ್ನ ಹುಲ್ಲಿನ ಟೋಪಿ ಅವಳ ತಲೆಗಿಡ್ತಾನೆ. ಇದು ಎದೆಗೆ ತಟ್ಟದಿದ್ದರೆ ಮುಂದೆ ನೋಡಬೇಡಿ.

ದೊಡ್ಡ ದೋಷ ನಿಧಾನಗತಿ. ಡ್ರೆಸ್‌ರೋಸಾ (629–746) ಭಾಗದಲ್ಲಂತೂ ತಾಳ್ಮೆ ಕೆಡುತ್ತೆ, ಯಾಕಂದ್ರೆ ಮಾಂಗಾವನ್ನು (ಸರಣಿಗೆ ಮೂಲವಾದ ಕಾಮಿಕ್ಸ್) ಹಿಂದಿಕ್ಕಬಾರದೆಂದು ಒಂದೇ ಅಧ್ಯಾಯವನ್ನು ಇಡೀ ಕಂತಿಗೆ ಎಳೆದಿದ್ದಾರೆ. ಹಾಡು, ಹಿಂದಿನ ಕಥೆ ದಾಟಿಸಿ, ವೇಗ 1.25 ಇಡಿ. ಮಾಂಗಾದಲ್ಲಿಲ್ಲದ 54–60 ಬಿಡಬಹುದು. 196–206 ಕೂಡ ಅಂಥದ್ದೇ, ಆದರೆ ಬಿಡಲೇಬೇಡಿ, ಬಲು ಸೊಗಸಾಗಿದೆ.