ಮಾಜಿ ಸೈನಿಕರ ಆಸ್ಪತ್ರೆಯ ವೈದ್ಯರ ಸಂಬಳ ಅತಿಯಾಯಿತೇ? ಲೆಕ್ಕ ಹಾಕಿ ನೋಡುವ ಬಗೆ

ಕೊಪ್ಪಳ, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ನಾಲ್ಕು ಜನ ಮಾಜಿ ಸೈನಿಕರು ಕೂಡಿದಲ್ಲಿ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಕಾರ್ಡಿನ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ‘ಡಾಕ್ಟರಿಗೆ ತಿಂಗಳಿಗೆ ಮುಕ್ಕಾಲು ಲಕ್ಷ ಕೊಡ್ತಾರಂತ, ಯಾಕ ಬೇಕು ಅಷ್ಟು?’ ಎಂಬ ಪ್ರಶ್ನೆಯೂ ಏಳುತ್ತದೆ. ಕೇಳುವ ಹಕ್ಕು ಅವರಿಗೆ ಖಂಡಿತ ಇದೆ. ಹವಾಲ್ದಾರ್ ದರ್ಜೆಯವರೆಗಿನವರಿಗೆ ಈ ಯೋಜನೆಯ ಒಂದು ಬಾರಿಯ ವಂತಿಗೆ 30,000 ರೂಪಾಯಿ. ಉಳಿದದ್ದು ತೆರಿಗೆಯ ಹಣ. ಆದರೆ ಉತ್ತರವನ್ನು ಊಹೆಯಿಂದ ಹೇಳದೆ ಲೆಕ್ಕದಿಂದ ಹೇಳಬೇಕು.

ಮೊದಲು ಆ ಸಂಬಳದಲ್ಲಿ ಏನೇನು ಸೇರಿದೆ ಎಂಬುದನ್ನು ನೋಡಿ. 2003ರ ಏಪ್ರಿಲ್ 1ರಂದು ಆರಂಭವಾದ ಇಸಿಎಚ್‌ಎಸ್ ಸ್ವಂತ ದೊಡ್ಡಾಸ್ಪತ್ರೆಗಳ ಮೇಲೆ ನಿಂತ ಯೋಜನೆಯಲ್ಲ. ಅದು ಪಾಲಿಕ್ಲಿನಿಕ್ ಎಂಬ ಹೊರರೋಗಿ ಚಿಕಿತ್ಸಾಲಯಗಳನ್ನು ನಡೆಸುತ್ತದೆ, ಹೆಚ್ಚಿನ ಚಿಕಿತ್ಸೆಗೆ ಒಪ್ಪಂದದ ಖಾಸಗಿ ಆಸ್ಪತ್ರೆಗಳಿಗೆ ಕಳುಹಿಸುತ್ತದೆ. ಪಾಲಿಕ್ಲಿನಿಕ್‌ನ ವೈದ್ಯರು ಹೆಚ್ಚಾಗಿ ಗುತ್ತಿಗೆಯವರು. ಹಲವು ವರ್ಷಗಳ ನೇಮಕಾತಿ ಪ್ರಕಟಣೆಗಳಲ್ಲಿ ವೈದ್ಯಾಧಿಕಾರಿಗೆ 75,000 ರೂಪಾಯಿ, ತಜ್ಞರಿಗೆ ಒಂದು ಲಕ್ಷದ ಆಸುಪಾಸು ಎಂದಿತ್ತು. ನೀವು ಲೆಕ್ಕ ಹಾಕುವಾಗ ಅತ್ಯಂತ ಈಚಿನ ಪ್ರಕಟಣೆಯನ್ನೇ ಹಿಡಿಯಿರಿ. ಈ ಮೊತ್ತಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ, ಪಿಂಚಣಿಯೂ ಇಲ್ಲ. ಇದರ ಪಕ್ಕದಲ್ಲಿ ಕೇಂದ್ರ ಸರ್ಕಾರದ ಕಾಯಂ ವೈದ್ಯರನ್ನು ಇಟ್ಟು ನೋಡಿ. ಅವರ ಆರಂಭದ ಮೂಲವೇತನ 56,100. ಖಾಸಗಿ ವೃತ್ತಿ ನಡೆಸದಿರುವುದಕ್ಕೆ ಕೊಡುವ ಭತ್ಯೆ ಅದರ ಶೇ. 20, ಅಂದರೆ 11,220. ಇವೆರಡರ ಮೇಲೆ 2024ರ ಜನವರಿಯ ದರದಂತೆ ಶೇ. 50 ತುಟ್ಟಿಭತ್ಯೆ 33,660. ಒಟ್ಟು 1,00,980. ಮನೆ ಬಾಡಿಗೆ ಭತ್ಯೆ ಬೇರೆ. ಮೂಲವೇತನದ ಅಂಕಿ ಮಾತ್ರ ನೋಡಿದವರಿಗೆ ಗುತ್ತಿಗೆ ವೈದ್ಯರಿಗೇ ಹೆಚ್ಚು ಸಿಗುತ್ತಿದೆ ಎನಿಸುತ್ತದೆ. ಪೂರ್ತಿ ಕೂಡಿಸಿದರೆ ಲೆಕ್ಕ ತಿರುಗುತ್ತದೆ.

ಎರಡನೆಯದು, ಯಾರೊಂದಿಗೆ ಹೋಲಿಸಬೇಕು ಎಂಬುದು. ನಮ್ಮ ಪಿಂಚಣಿಯೊಂದಿಗೆ ಅಥವಾ ಶಾಲಾ ಶಿಕ್ಷಕರ ಸಂಬಳದೊಂದಿಗೆ ಹೋಲಿಸಿದರೆ ಮನಸ್ಸಿಗೆ ನೋವಾದೀತು, ಉತ್ತರ ಮಾತ್ರ ಸಿಗದು. ಅದೇ ಪದವಿಯ, ಅಷ್ಟೇ ಅನುಭವದ, ಅದೇ ಊರಿನ ವೈದ್ಯರೊಂದಿಗೆ ಹೋಲಿಸಬೇಕು. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ತಜ್ಞರಾಗಲು ಇನ್ನೂ ಮೂರು ವರ್ಷ. ಬಳ್ಳಾರಿ, ರಾಯಚೂರಿನ ನರ್ಸಿಂಗ್ ಹೋಮ್‌ಗಳಲ್ಲಿ ಡ್ಯೂಟಿ ಡಾಕ್ಟರಿಗೆ ಎಷ್ಟು ಕೊಡುತ್ತಾರೆ, ರಾತ್ರಿ ಪಾಳಿ ಎಷ್ಟು ಎಂದು ಎರಡು ಮೂರು ಕಡೆ ವಿಚಾರಿಸಿ, ತಿಂಗಳ ಮೊತ್ತವನ್ನು ಕೆಲಸದ ಗಂಟೆಗಳಿಂದ ಭಾಗಿಸಿ ನೋಡಿ.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ವೈದ್ಯರ ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ವಾಟ್ಸ್ಆ್ಯಪ್‌ನಲ್ಲಿ ಹಂಚುವವರಿದ್ದಾರೆ. ಆ ಹೋಲಿಕೆಯಿಂದ ಪ್ರಯೋಜನವಿಲ್ಲ. ಆದರೆ ಅಲ್ಲಿನ ಪದ್ಧತಿಯಿಂದ ಕಲಿಯುವುದುಂಟು. 2004ರ ಕಾನೂನಿನಂತೆ ಅಲ್ಲಿ ವೈದ್ಯರ ಸಂಬಳಕ್ಕೆ ಮೂರು ಭಾಗಗಳಿವೆ. ಮೂಲವೇತನ ಸೇವಾವಧಿಯನ್ನು ಅನುಸರಿಸುತ್ತದೆ. ಮಾರುಕಟ್ಟೆ ವೇತನವು ವೈದ್ಯರ ವಿಭಾಗ, ಅನುಭವ ಮತ್ತು ಆ ಪ್ರದೇಶದಲ್ಲಿ ಅಂಥವರಿಗಿರುವ ಬೇಡಿಕೆಯನ್ನು ಅನುಸರಿಸುತ್ತದೆ, ಮತ್ತು ಎರಡು ವರ್ಷಕ್ಕೊಮ್ಮೆಯಾದರೂ ಅದರ ಪರಿಶೀಲನೆ ಆಗಬೇಕು. ಗುರಿ ಮುಟ್ಟಿದ್ದಕ್ಕೆ ಕೊಡುವ ಮೂರನೆಯ ಭಾಗ ವರ್ಷಕ್ಕೆ 15,000 ಡಾಲರ್ ಮೀರುವಂತಿಲ್ಲ. ಒಟ್ಟು ಸಂಬಳ ಅಧ್ಯಕ್ಷರ 4,00,000 ಡಾಲರ್ ಸಂಬಳವನ್ನು ದಾಟಬಾರದೆಂಬ ಮಿತಿಯಲ್ಲಿ ಈ ವ್ಯವಸ್ಥೆ ರೂಪುಗೊಂಡಿತು. ಊರಿನ ಬೇಡಿಕೆಯನ್ನು ಸಂಬಳದೊಳಗೇ ತರುವ ಆ ಎರಡನೆಯ ಭಾಗ ನಮ್ಮ ಜಿಲ್ಲೆಗಳಿಗೆ ಬಹಳ ಬೇಕಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಬೆಂಗಳೂರಿನಲ್ಲಿ ಸಾಕಾಗುವ ಸಂಬಳಕ್ಕೆ ಕೊಪ್ಪಳಕ್ಕೆ ಬರುವ ತಜ್ಞರು ಸಿಗುವುದು ಕಷ್ಟ.

ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ ಖಾಲಿ ಹುದ್ದೆಯದು. ಒಂದೇ ಹುದ್ದೆಗೆ ಹತ್ತಾರು ಅರ್ಹರು ಅರ್ಜಿ ಹಾಕಿ, ಸೇರಿದವರು ವರ್ಷಗಟ್ಟಲೆ ನಿಲ್ಲುತ್ತಿದ್ದರೆ, ಕಡಿಮೆ ಸಂಬಳಕ್ಕೂ ಜನ ಸಿಗುತ್ತಿದ್ದರು ಎಂದು ವಾದಿಸಬಹುದು. ಪ್ರಕಟಣೆ ಮತ್ತೆ ಮತ್ತೆ ಹೊರಬಿದ್ದರೂ ಕುರ್ಚಿ ತುಂಬದಿದ್ದರೆ, ಅಥವಾ ಸೇರಿದವರು ಕೆಲವೇ ತಿಂಗಳಲ್ಲಿ ಬಿಟ್ಟು ಹೋಗುತ್ತಿದ್ದರೆ, ಆ ಸಂಬಳ ಹೆಚ್ಚೆನ್ನಲು ಆಧಾರವಿಲ್ಲ. ಕುರ್ಚಿ ಖಾಲಿ ಬಿದ್ದಾಗ ಹಣ ಉಳಿಯಿತೆಂದು ತಿಳಿಯಬೇಡಿ. ಎಪ್ಪತ್ತು ದಾಟಿದ ಸುಬೇದಾರರೊಬ್ಬರು ಸಕ್ಕರೆ ಕಾಯಿಲೆಯ ಫೈಲು, ಔಷಧಿಯ ಚೀಲ ಹಿಡಿದು ನಸುಕಿನ ಬಸ್ಸಿಗೆ ಹೊರಟು ಬಂದರೆ, ತಜ್ಞರಿಲ್ಲದ ಕಡೆ ಅವರಿಗೆ ಸಿಗುವುದು ರೆಫರಲ್ ಚೀಟಿ. ಅದನ್ನು ಹಿಡಿದು ಅವರು ಮತ್ತೊಂದು ಊರಿಗೆ ಹೋಗುತ್ತಾರೆ, ಅಲ್ಲಿನ ಖಾಸಗಿ ಆಸ್ಪತ್ರೆಯ ಬಿಲ್ಲನ್ನು ಸರ್ಕಾರ ತುಂಬುತ್ತದೆ. ಆದ್ದರಿಂದ ಸಂಬಳದ ಪಕ್ಕದಲ್ಲಿ ರೆಫರಲ್ ಬಿಲ್ಲಿನ ಮೊತ್ತವನ್ನೂ ಬರೆದುಕೊಳ್ಳಿ.

ವೈದ್ಯರು ಸಹಿ ಹಾಕಿ ಹನ್ನೊಂದಕ್ಕೇ ಹೊರಡುತ್ತಾರೆ ಎಂಬ ದೂರು ಇದ್ದರೆ ಅದನ್ನು ಈ ಲೆಕ್ಕದಲ್ಲಿ ಬೆರೆಸಬೇಡಿ. ಅದು ಹಾಜರಾತಿಯ ದೂರು. ಅದನ್ನು ಪಾಲಿಕ್ಲಿನಿಕ್‌ನ ಪ್ರಭಾರಾಧಿಕಾರಿಗೆ ಬರಹದಲ್ಲೇ ಕೊಡಿ.

ಅಂಕಿಅಂಶ ಪಡೆಯಲು 2005ರ ಮಾಹಿತಿ ಹಕ್ಕು ಕಾಯ್ದೆ ಸಾಕು. ನೌಕರರ ಮಾಸಿಕ ವೇತನವನ್ನು ಕೇಳುವ ಮೊದಲೇ ಪ್ರಕಟಿಸಬೇಕೆಂದು ಅದರ 4ನೇ ಪ್ರಕರಣ ಹೇಳುತ್ತದೆ. ಪ್ರಕಟವಾಗಿಲ್ಲದಿದ್ದರೆ, ಪಾಲಿಕ್ಲಿನಿಕ್‌ಗೆ ಸಂಬಂಧಿಸಿದ ಮಾಹಿತಿ ಅಧಿಕಾರಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಹಿತ ಅರ್ಜಿ ಕಳುಹಿಸಿ. ಯಾವ ವೈದ್ಯರ ಹೆಸರನ್ನೂ ಬರೆಯದೆ, ಹುದ್ದೆವಾರು ಮಂಜೂರಾದ ಸಂಖ್ಯೆ, ತುಂಬಿದ ಸಂಖ್ಯೆ, ಸಂಬಳ, ಕಳೆದ ಮೂರು ವರ್ಷಗಳಲ್ಲಿ ಬಿಟ್ಟು ಹೋದವರ ಸಂಖ್ಯೆ ಮತ್ತು ರೆಫರಲ್ ವೆಚ್ಚ, ಇಷ್ಟನ್ನು ಕೇಳಿ. ಜಿಲ್ಲಾಸ್ಪತ್ರೆಯ ವೈದ್ಯರ ವೇತನವೂ ಹೋಲಿಕೆಗೆ ಬೇಕಾದರೆ ರಾಜ್ಯ ಸರ್ಕಾರದ ಕಚೇರಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಕರ್ನಾಟಕದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಮುಂದಿನ ಮೂವತ್ತು ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.